ಒಂದು ರೂಪಾಯಿಯ ಕೂಗು

“ಅಜ್ಜಿ, ನನ್ ಕೆಲ್ಸ ಏನು ಅಂತ ಕೇಳ್ತಿರ್ತೀರಲ್ಲ, ಹೇಳ್ತೀನಿ ಕೇಳಿ. ಸ್ಕ್ರೀನ್ ಮೇಲೆ ಸಾಲು ಸಾಲು ಬರುತ್ತೆ. ಹೆಸ್ರು ಇರಲ್ಲ, ಮುಖ ಇರಲ್ಲ, ಬರೀ ನಂಬರ್. ಅದೂ ಫೋನ್ ನಂಬರಲ್ಲ, ಕಂಪನಿಯೋರು ಹಾಕಿದ್ದು. ಆ ನಂಬರಿನೋರು ಎಷ್ಟೊತ್ತಿಗೆ ಫೋನ್ ತೆಗೆದ್ರು, ಯಾರಿಗೆ ಎಷ್ಟು ಕಳ್ಸಿದ್ರು, ಕರೆಂಟ್ ಬಿಲ್ ಮೊದ್ಲೇ ಕಟ್ತಾರಾ ಕಡೇ ದಿನ ಕಟ್ತಾರಾ, ಎಲ್ಲಾ ಇರುತ್ತೆ. ಅದನ್ನ ನೋಡಿ ಇವ್ರು ಹೆಂಗಿರೋ ಜನ ಅಂತ ಒಂದು ಚೀಟಿ ಅಂಟಿಸ್ಬೇಕು. ‘ನಂಬಬಹುದು’, ‘ಆತುರದವರು’, ‘ಜೂಜಿನ ಅನುಮಾನ’, ಹಿಂಗೆ. ನಾವು ಅಂಟಿಸಿದ್ದನ್ನ ನೋಡ್ಕೊಂಡು ಕಂಪ್ಯೂಟರ್ ಕಲಿಯುತ್ತೆ. ಆಮೇಲೆ ಯಾರಿಗೆ ಸಾಲ ಕೊಡ್ಬೇಕು, ಯಾರಿಗೆ ಬೇಡ ಅಂತ ಅದೇ ಹೇಳುತ್ತೆ. ದಿನಕ್ಕೆ ಐನೂರು ಸಾಲು. ಮೊದಮೊದ್ಲು ಯೋಚ್ನೆ ಮಾಡ್ತಿದ್ದೆ, ಈಗ ಕೈ ತಾನೇ ಒತ್ತುತ್ತೆ. ಅದೇ ಕೈಲಿ ಖಾಲಾಗೂ ಅಂಟಿಸ್ಬಿಟ್ಟೆ ಅಜ್ಜಿ.”

ಮಿಸ್ಬಾ ಇದನ್ನು ಹೇಳಿದ್ದು ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು. ನಾನು ದಂಟಿನ ಸೊಪ್ಪು ಬಿಡಿಸುತ್ತಿದ್ದೆ. ಶಿವಾಜಿನಗರದ ಈ ಗಲ್ಲಿಯಲ್ಲಿ ಅವಳದು ನಮ್ಮ ಎದುರು ಮನೆ. ತಂದೆ ಇನಾಯತ್ ಉಲ್ಲಾ ಗುಂಡಿ, ಲೇಸು ಮಾರುತ್ತಾರೆ. ತಾಯಿ ತೀರಿಕೊಂಡಾಗ ಹುಡುಗಿಗೆ ಒಂಬತ್ತು ವರ್ಷ. ಅಂದಿನಿಂದ ಜಡೆ ಹಾಕಿ ಶಾಲೆಗೆ ಕಳಿಸಿದವಳು ಅವರ ಪಕ್ಕದ ಮನೆಯ ಟೈಲರ್ ಶಂಶುನ್ನೀಸಾ. ಮಿಸ್ಬಾ ಅವಳನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವುದು. ಮಿಸ್ಬಾ ಬಿಕಾಂ ಮುಗಿಸಿ ಇಂದಿರಾನಗರದ ಕಂಪನಿ ಸೇರಿದ ದಿನ ಗಲ್ಲಿಗೆಲ್ಲ ಸಿಹಿ ಹಂಚಿದವಳೂ ಅವಳೇ. ಅವರಿಬ್ಬರೂ ಆಡುವುದು ದಖನಿ ಉರ್ದು. ಕೇಳಿ ಕೇಳಿ ನನಗೂ ಅರ್ಥವಾಗುತ್ತದೆ. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

ಈ ಗಲ್ಲಿಯ ಪದ್ಧತಿಯೊಂದನ್ನು ಹೇಳಬೇಕು. ದುಡ್ಡು ಬಂದರೆ ಕೂಗಿ ಹೇಳುವ ಡಬ್ಬಿ ಅಂಗಡಿಗಳಲ್ಲಿ ಇರುತ್ತದಲ್ಲ, ಅದನ್ನು ಇಲ್ಲಿಯ ವ್ಯಾಪಾರಿಗಳು ಅಂಗಡಿಯಲ್ಲಿ ಬಿಡುವುದಿಲ್ಲ. ಕಳುವಾದೀತೆಂದು ಸಂಜೆ ಮನೆಗೆ ತರುತ್ತಾರೆ. ರಂಜಾನ್ ತಿಂಗಳಲ್ಲಿ ಬೆಳಕು ಹರಿಯುವ ಮೊದಲೇ ಸಹರಿಯ ಊಟ ಮುಗಿಯಬೇಕು. ಶಂಶುನ್ನೀಸಾ ಎಲ್ಲರಿಗಿಂತ ಮೊದಲು ಎದ್ದು ಮನೆಮನೆಗೂ ಫೋನಿನಿಂದ ಒಂದೊಂದು ರೂಪಾಯಿ ಕಳಿಸುತ್ತಾಳೆ. “ಒಂದು ರೂಪಾಯಿ ಬಂದಿದೆ” ಎಂದು ಡಬ್ಬಿ ಕಿರುಚುತ್ತದೆ, ಮನೆಮಂದಿ ಏಳುತ್ತಾರೆ. ಎದ್ದೆವು ಎನ್ನುವುದಕ್ಕೆ ಆ ರೂಪಾಯಿಯನ್ನು ವಾಪಸು ಕಳಿಸುತ್ತಾರೆ. ವಾಪಸು ಬರದ ಮನೆಗೆ ಇನ್ನೊಂದು ಸಲ. ಉಪವಾಸವಿಲ್ಲದ ನನಗೂ ಆ ತಿಂಗಳೆಲ್ಲ ನಿದ್ದೆಯಿಲ್ಲ. ಮಿಸ್ಬಾಳ ಮನೆಯಲ್ಲಿ ಅಪ್ಪನ ಫೋನಿನಿಂದ ರೂಪಾಯಿ ತಿರುಗಿ ಕಳಿಸುವ ಕೆಲಸ ಅವಳದೇ.

ಹಬ್ಬ ಕಳೆದ ಮೇಲೆ ಶಂಶುನ್ನೀಸಾಗೆ ಒಂದು ಶಾಲೆಯಿಂದ ಇನ್ನೂರು ಜೊತೆ ಯೂನಿಫಾರಂ ಹೊಲಿಯುವ ಕೆಲಸ ಸಿಕ್ಕಿತು. ಬಟ್ಟೆಯ ಅಂಚು ಬಿಚ್ಚದಂತೆ ಹೊಲಿಯುವ ಓವರ್‌ಲಾಕ್ ಮೆಷಿನ್ ಇದ್ದರೆ ಮಾತ್ರ ಶಾಲೆ ತೆರೆಯುವುದರೊಳಗೆ ಮುಗಿದೀತು. ಡಬ್ಬಿ ಕೊಟ್ಟ ಕಂಪನಿಯೇ ಫೋನಿನಲ್ಲಿ ಸಾಲವನ್ನೂ ಕೊಡುತ್ತದೆ. ಮಿಸ್ಬಾ ಇರುವುದೂ ಅಲ್ಲೇ. “ಎರಡು ನಿಮಿಷ ಖಾಲಾ” ಎಂದು ತಾನೇ ಅರ್ಜಿ ತುಂಬಿದಳು. ಒಂದೇ ನಿಮಿಷಕ್ಕೆ ಉತ್ತರ ಬಂತು. ನಿಮ್ಮ ನಡವಳಿಕೆಯ ಆಧಾರದ ಮೇಲೆ ಸಾಲ ಕೊಡಲಾಗುವುದಿಲ್ಲ.

“ನಡವಳಿಕೆನಾ?” ಶಂಶುನ್ನೀಸಾ ಕತ್ತರಿ ಕೆಳಗಿಟ್ಟಳು. “ನನ್ ನಡತೆಗೆ ಏನಾಗಿದ್ಯೇ? ಗಂಡ ಹೋಗಿ ಹದಿನಾಲ್ಕು ವರ್ಷ, ಒಬ್ರು ಬೆರಳು ತೋರ್ಸಿಲ್ಲ. ಫೋನಲ್ಲಿ ನಾನ್ ಮಾಡೋದಾದ್ರೂ ಏನು? ರಂಜಾನಲ್ಲಿ ನಿಮ್ಮನ್ನೆಲ್ಲ ಎಬ್ಬಿಸ್ತೀನಿ, ಅಷ್ಟೇ ತಾನೇ?”

ಆಗ ಮಿಸ್ಬಾಗೆ ನೆನಪಾಯಿತು. ಹಿಂದಿನ ತಿಂಗಳು ಅವಳ ಮುಂದೆ ಬಂದ ಒಂದು ನಂಬರು. ಬೆಳಗಾಗುವ ಮೊದಲು ನಲವತ್ತು ಕಡೆಗೆ ಒಂದೊಂದು ರೂಪಾಯಿ, ನಿಮಿಷದಲ್ಲೇ ಎಲ್ಲ ವಾಪಸು, ತಿಂಗಳಿಡೀ ಹಾಗೇ. ‘ಜೂಜಿನ ಅನುಮಾನ’ ಒತ್ತಿ ಟೀ ಕುಡಿಯಲು ಎದ್ದಿದ್ದಳು. ಆ ನಲವತ್ತರಲ್ಲಿ ಅವಳ ಅಪ್ಪನ ನಂಬರೂ ಇತ್ತು.

ಅಂದು ಖಾಲಾಳ ಮುಂದೆ ಬಾಯಿ ಬಿಡಲಿಲ್ಲ. ನೇರ ನನ್ನ ಮೆಟ್ಟಿಲಿಗೆ ಬಂದು, ಮೊದಲಲ್ಲಿ ಬರೆದೆನಲ್ಲ, ಅದನ್ನೆಲ್ಲ ಹೇಳಿಕೊಂಡಳು. “ನನಗೆ ಹೇಳಿ ಏನು ಬಂತು? ಅವಳಿಗೆ ಹೇಳು” ಎಂದೆ.

ಮರುದಿನ ಮೊದಲು ತನ್ನ ಮೇಲಿನವನಾದ ಜಗನ್‌ಗೆ ಹೇಳಿದಳಂತೆ. “ಒಂದು ಸಾಲಿಗೋಸ್ಕರ ಫೈಲ್ ತೆಗೆಯೋಕಾಗಲ್ಲ. ಬರ್ದು ಕೊಡು, ಮೂರು ತಿಂಗಳಿಗೆ ಮತ್ತೆ ನೋಡ್ತಾರೆ” ಎಂದನಂತೆ. ಬರೆದು ಕೊಟ್ಟಳು. ಶಾಲೆ ತೆರೆಯಲು ಉಳಿದಿದ್ದು ಒಂದೇ ತಿಂಗಳು. ಸಂಜೆ ಬಂದವಳೇ ಖಾಲಾಳ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದಳು.

“ಜೂಜಾ? ನಾನಾ?” ಶಂಶುನ್ನೀಸಾ ನಕ್ಕುಬಿಟ್ಟಳು. “ಹಂಗಾದ್ರೆ ನಲವತ್ತು ಮನೆನೂ ಜೂಜುಕೋರ್ರೇ! ನಿಮ್ಮಪ್ಪ ಎಲ್ರಿಗಿಂತ ದೊಡ್ಡೋನು, ಎರಡು ರೂಪಾಯಿ ಹಾಕ್ದೆ ಏಳಲ್ಲ.”

ಎದುರಿಗೆ ಕೂತಿದ್ದ ನನಗೂ ನಗು ಬಂತು. ಮಿಸ್ಬಾ ಮಾತ್ರ ನಗಲಿಲ್ಲ.

“ಹೆಸ್ರು ಇರ್ಲಿಲ್ಲ ಖಾಲಾ.”

“ಹೆಸ್ರು ಬೇಡ. ಟೈಮ್ ಇತ್ತಲ್ಲ? ಅಷ್ಟೊತ್ತಲ್ಲಿ ನಿಂಗೆ ಒಂದು ರೂಪಾಯಿ ಕಳ್ಸೋರು ಇನ್ಯಾರಿದ್ದಾರೆ ಬೇಟಿ?”

ಹುಡುಗಿ ತಲೆ ತಗ್ಗಿಸಿದಳು. “ಬೈಯ್ರಿ ಖಾಲಾ.”

“ಬೈದ್ರೆ ನಿಂಗೆ ಹಗುರ ಆಗುತ್ತೆ. ಬೈಯಲ್ಲ.”

ನೂರ ನಲವತ್ತು ಜೊತೆಯ ಬಟ್ಟೆ ಶಾಲೆಗೆ ವಾಪಸು ಹೋಯಿತು. ಉಳಿಸಿಕೊಂಡದ್ದು ಅರವತ್ತು. ಕೆಲಸದಿಂದ ಬಂದ ಮಿಸ್ಬಾ ದಿನವೂ ಅವಳ ಪಕ್ಕದಲ್ಲಿ ಕೂತು ಅಂಚುಗಳನ್ನು ಕೈಯಲ್ಲಿ ಹೊಲಿಯುತ್ತಾಳೆ. ಹೊಲಿಗೆ ಸೊಟ್ಟ. ಶಂಶುನ್ನೀಸಾ ಬಿಚ್ಚಿ ಮತ್ತೆ ಅವಳ ಕೈಗೇ ಕೊಡುತ್ತಾಳೆ. ಮಾತು, ತಮಾಷೆ ಮೊದಲಿನಂತೆಯೇ ಇವೆ. ಆದರೆ ಹುಡುಗಿ ಒಳಗೆ ಬಂದಾಗ ಶಂಶುನ್ನೀಸಾ ತನ್ನ ಫೋನನ್ನು ಬೋರಲು ಹಾಕುತ್ತಾಳೆ. ಅದನ್ನು ನಾನೂ ನೋಡಿದ್ದೇನೆ, ಮಿಸ್ಬಾಳೂ ನೋಡಿದ್ದಾಳೆ.

ನಿನ್ನೆಯೂ ಹೊಲಿಯುತ್ತಾ ಕೂತಿದ್ದಾಗ ಇನಾಯತ್ ಉಲ್ಲಾ ಅಂಗಡಿ ಮುಚ್ಚಿ ಬಂದರು. “ಹೋಗು, ನಿಮ್ಮಪ್ಪ ಬಂದ್ರು” ಎಂದಳು ಶಂಶುನ್ನೀಸಾ. ಮಿಸ್ಬಾ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದಳು. ರಂಜಾನಿನಲ್ಲಿ ಖಾಲಾಳ ರೂಪಾಯಿಗೆ ಕೂಗುವ ಆ ಡಬ್ಬಿಯನ್ನು ಅಪ್ಪನ ಕೈಯಿಂದ ಇಸಿದುಕೊಂಡು, ದುಪಟ್ಟಾದ ತುದಿಯಿಂದ ಧೂಳು ಒರೆಸಿ, ಗೂಡಿನಲ್ಲಿಟ್ಟು ಚಾರ್ಜಿಗೆ ಹಾಕಿದಳು.