ಬಲಗೈಗೇ ಹಾಕು

ಬೆಳಿಗ್ಗೆಯಿಂದ ನಿಂತೇ ಇದ್ದ, ಗಿರಾಕಿಗಳ ಬಾಯಲ್ಲಿ 'ಸೂಜಿ ಮೇಡಂ' ಆಗಿದ್ದವಳಿಗೆ ಕಾಲು ಸೋತುಹೋಗಿತ್ತು. ಔಷಧಿ ಅಂಗಡಿಯಲ್ಲಿದ್ದದ್ದು ಒಂದೇ ಕುರ್ಚಿ. ಅದೂ ಫ್ಲೂ ಲಸಿಕೆ ಹಾಕಿಸಿಕೊಂಡ ಹಿರಿಯರು ಸ್ವಲ್ಪ ಹೊತ್ತು ಕೂರಲಿ ಎಂದು ಇಟ್ಟದ್ದು. ಬಿಪಿ ಮಾತ್ರೆಗೆಂದು ಬಂದ ಮುದುಕರನ್ನೆಲ್ಲ ಗದರಿ, ಪುಸಲಾಯಿಸಿ ಲಸಿಕೆಗೆ ಒಪ್ಪಿಸುತ್ತಿದ್ದವಳು ಅವಳೇ. ಅತ್ತೆಯ ಮುಂದೆ ಮಾತ್ರ ಅವಳ ಬೇಳೆ ಬೇಯುತ್ತಿರಲಿಲ್ಲ. ಮನೆಯಲ್ಲಿ ರಾತ್ರಿಯ ಅಡುಗೆ ಅತ್ತೆಯದು, ಕೊನೆಯ ಮಾತೂ ಅತ್ತೆಯದೇ. "ನಿನ್ನ ಅಂಗಡಿ ಅಂಗಡೀಲೇ ಇರ್ಲಿ" ಎಂದು ಎರಡು ಚಳಿಗಾಲ ಕೆಮ್ಮಿಕೊಂಡೇ ಕಳೆದಿದ್ದರು. ಹಿತ್ತಲ ಗಿಡ ಮದ್ದಲ್ಲವಲ್ಲ!

ಇವತ್ತು ನೋಡಿದರೆ ಸರದಿಯ ಕೊನೆಯಲ್ಲಿ ಅದೇ ಅತ್ತೆ, ಪಕ್ಕದ ಮನೆಯಾಕೆಯ ಜೊತೆ.

"ನಿನ್ನ ಕೈ ತುಂಬಾ ಹಗುರ ಅಂತ ಇವಳು ಹೇಳಿದ್ಲು. ಅದಕ್ಕೇ ಬಂದೆ."

ತಾನು ಎರಡು ವರ್ಷ ಬಾಯಿ ಬಡಿದುಕೊಂಡದ್ದೆಲ್ಲ ನೀರಿನಲ್ಲಿ ಹೋಮ, ಪಕ್ಕದ ಮನೆಯಾಕೆ ಅಂದ ಒಂದು ಮಾತು ವೇದವಾಕ್ಯ! ಸೊಸೆಗೆ ಸಿಟ್ಟು ಮಾಡಿಕೊಳ್ಳುವಷ್ಟೂ ತ್ರಾಣ ಉಳಿದಿರಲಿಲ್ಲ.

"ಎಡಗೈ ಕೊಡಿ, ಅತ್ತೆ."

"ಬಲಗೈಗೇ ಹಾಕು."

ಯಾಕೆಂದು ಕೇಳದೆ ಚುಚ್ಚಿದಳು. ಹತ್ತಿ ಒತ್ತುತ್ತ, ಬೆಳಿಗ್ಗೆಯಿಂದ ಎಲ್ಲರಿಗೂ ಹೇಳಿದ ಪಾಠವನ್ನೇ ಒಪ್ಪಿಸಿದಳು. "ಸ್ವಲ್ಪ ನೋವಿರುತ್ತೆ. ಇವತ್ತು ಈ ಕೈಗೆ ರೆಸ್ಟ್ ಕೊಡಿ, ಹೆಚ್ಚು ಕೆಲಸ ಮಾಡ್ಬೇಡಿ."

ಅತ್ತೆ ಆ ಒಂದೇ ಕುರ್ಚಿಗೆ ಆರಾಮವಾಗಿ ಒರಗಿ, ಪಕ್ಕದ ಮನೆಯಾಕೆಯತ್ತ ತಿರುಗಿದರು.

"ಕೇಳಿಸ್ಕೊಂಡ್ಯಲ್ಲ? ನೀನೇ ಸಾಕ್ಷಿ. ರಾತ್ರಿ ಅಡುಗೆ ಇವಳದ್ದು."