ಹಂಚಿಗೆ ಒಂದೇ ಕೈ

ಇವತ್ತು ಮುಂಜಾನೆ ರೊಟ್ಟಿ ಹೊತ್ತಿದ ವಾಸನೆ ಬಂತು. ನಾನು ಹಂಚಿನ ಮುಂದಿರುವಾಗಲೇ ಸೊಸೆ ತನ್ನದೊಂದು ಹಾಕಿದ್ದಳು. ಬೈದೆ. ಬೈಯುತ್ತಲೇ, ನೌಬಾದದ ನಮ್ಮ ಮಾಳಿಗೆ ಖೋಲಿಯಲ್ಲಿ ಬಾಡಿಗೆಗಿದ್ದ ಕಂಪ್ಯೂಟರ್ ಟೀಚರ್ ನೆನಪಾದಳು...

ಔರಾದ ಕಡೆಯ ಒಂದು ಸಾಲೆಗೆ ಆಕೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಮಕ್ಕಳಿಗೆಂದು ಕಂಪ್ಯೂಟರಿನಲ್ಲಿ ಒಂದು ಆಟ ಮಾಡಿದ್ದಳು. ಕುರಿಗಳನ್ನು ಹೊಲದಿಂದ ಹಟ್ಟಿಗೆ ಹೊಡೆದುಕೊಂಡು ಬರುವ ಆಟ. ಕುರಿ ಹೇಗೆ ನಡೆಯುತ್ತವೆಂದು ನನ್ನನ್ನೇ ಕೇಳಿದ್ದಳು. ಹತ್ತು ಕುರಿಗೆ ಸರಿಯಿದ್ದ ಆಟ ನೂರಾದ ಕೂಡಲೇ ಬಂದ್ ಬೀಳುತ್ತಿತ್ತು. ಸೋಮವಾರ ಅದನ್ನು ತೋರಿಸದಿದ್ದರೆ ಕಂಪ್ಯೂಟರ್ ಖೋಲಿಯಲ್ಲಿ ಹಳೆ ಬೆಂಚು ತುಂಬುತ್ತೇವೆಂದು ಹೆಡ್‌ಮಾಸ್ತರರು ಹೇಳಿದ್ದರು.

ಶನಿವಾರ ಸಂಜೆ ನನ್ನ ಹತ್ತಿರ ಬಂದು ಕೂತಳು. “ಹಿಂದ ಕೆಲಸ ಮಾಡೂ ಥ್ರೆಡ್ ತ್ರಾಸ ಕೊಡ್ಲಾಕತ್ತಾವ್ರಿ, ಆಯಿ.”

“ದಾರ ಹರದ್ರ ಗಂಟ ಹಾಕವ್ವ,” ಅಂದೆ.

ಹೊಟ್ಟೆ ಹಿಡಿದು ನಕ್ಕಳು. ಥ್ರೆಡ್ ಅಂದರೆ ದಾರವಲ್ಲವಂತೆ, ಕಂಪ್ಯೂಟರಿನೊಳಗಿನ ಆಳುಗಳಂತೆ. ಪರದೆಯ ಮೇಲೆ ಚಿತ್ರ ಬಿಡಿಸುವವ ಒಬ್ಬ, ಹಿಂದೆ ಕೂತು ಕುರಿಗಳ ದಾರಿ ಹುಡುಕುವವರು ನಾಲ್ವರು. ಅರ್ಧ ತಿಳಿಯಿತು.

ಮರುದಿನ ಐತವಾರ, ಎಳ್ಳಮಾಸಿ ಹಬ್ಬದ ಸಜ್ಜೆ ರೊಟ್ಟಿ. ಮನೆಯ ಹೆಂಗಸರು ಬಡಿಯುತ್ತಿದ್ದರು, ನಾನು ಬೇಯಿಸುತ್ತಿದ್ದೆ. ಆಕೆಯೂ ಬಂದು ಒಂದು ಬಡಿದಳು. ನಾನು ಮಗುಚುವ ಹೊತ್ತಿಗೇ ತನ್ನದನ್ನು ಹಂಚಿಗೆ ಹಾಕಿದಳು. ಎರಡೂ ಅಂಟಿಕೊಂಡು ಸುಟ್ಟವು.

“ಹಂಚಿಗಿ ಒಂದೇ ಕೈ ಇರಬೇಕವ್ವ! ನೀ ಬಡದು ಅರಿವಿ ಮ್ಯಾಲ ಹಾಸು. ನಾ ತಗೋತೀನಿ.”

ಹಿಟ್ಟಿನ ಕೈಯಲ್ಲೇ ನಿಂತುಬಿಟ್ಟಳು.

“ಆಯಿ, ನನ್ನ ಆಳುಗೋಳೂ ಸೀದಾ ಹಂಚಿಗೇ ಕೈ ಹಾಕ್ಲಾಕತ್ತಾರ್ರಿ!”

ಮೇಲೆ ಓಡಿದಳು. ಸಂಜೆ ಇಳಿದು ಬಂದು ಹೇಳಿದಳು: ಇನ್ನು ಆಳುಗಳು ಪರದೆ ಮುಟ್ಟುವುದಿಲ್ಲ. ಹುಡುಕಿದ ದಾರಿಯನ್ನು ಸಾಲಾಗಿ ಇಡುತ್ತಾರೆ, ಚಿತ್ರದವನೇ ಒಂದೊಂದಾಗಿ ಎತ್ತಿಕೊಂಡು ಕುರಿ ಸರಿಸುತ್ತಾನೆ. ಆಟ ಓಡುತ್ತಿದೆ, ಮುಚ್ಚುವಾಗ ಮಾತ್ರ ಕೆಡುತ್ತಿದೆ.

“ಒಲಿ ಆರಸೂಕಿಂತ ಮೊದಲ ‘ಇನ್ನೂ ಬಡೀಲಾಕತ್ತೀರೇನು’ ಅಂತ ಕೇಳ್ತೇವಿಲ್ಲ? ನೀ ನಿನ್ನ ಆಳುಗೋಳಿಗಿ ಕೇಳ್ದಿಯೇನು?” ಅಂದೆ.

ಕೇಳಿರಲಿಲ್ಲ. ಅದನ್ನೂ ಮಾಡಿದಳು.

ಸೋಮವಾರ ನೂರು ಕುರಿಯೂ ಹಟ್ಟಿ ಸೇರಿದವು. ಖೋಲಿಗೆ ಬೆಂಚು ಬರಲಿಲ್ಲ.

ಮುಂದೆ ಆಕೆಗೆ ಭಾಲ್ಕಿಗೆ ವರ್ಗವಾಯಿತು. ಹೋದ ವರ್ಷ ಜಡ್ಡು ಬಿದ್ದು ತೀರಿಕೊಂಡಳು... ನನಗಿಂತ ಎಷ್ಟೋ ಸಣ್ಣವಳು.

ಆಟ ಮೊಮ್ಮಗಳ ಹತ್ತಿರ ಇದೆ. ಮುಚ್ಚುವಾಗ ಪರದೆಯ ಮೇಲೆ ಒಂದು ಸಾಲು ಬರುತ್ತದೆ. ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ: ಇನ್ನೂ ಬಡೀಲಾಕತ್ತೀರೇನು?

ಅಷ್ಟೆಲ್ಲ ತಿಳಿದವಳಿಗೆ ಒಂದು ರೊಟ್ಟಿಯೂ ದುಂಡಗೆ ಬರಲಿಲ್ಲ ನೋಡಿ.