ಹುನಿಹಬು

ನಾನು ಬರೆದದ್ದು ಒಂದೇ ಕಾದಂಬರಿ, ಅದೂ ಮಕ್ಕಳಿಗೆ. ಕಳುವಾದ ತಾಳೆಗರಿ ಕಟ್ಟನ್ನು ಹುಡುಕುತ್ತ ಮೂವರು ಮಕ್ಕಳು ಪೊಳಲಿಯಿಂದ ಪುತ್ತಿಗೆಯವರೆಗೆ ಅಲೆಯುವ ಕತೆ. ದಾರಿಯಲ್ಲಿ ನಾಲ್ಕು ಒಗಟು. ಉತ್ತರಗಳು ಹುಣಸೆ, ಲಿಂಬೆ, ಗುಜ್ಜೆ, ಹೆಡಿಗೆ. ಲಿಂಬೆಯ ಸೊನ್ನೆಯನ್ನು ಲೆಕ್ಕಕ್ಕೆ ಹಿಡಿಯದೆ ಮೊದಲಕ್ಷರಗಳನ್ನು ಕೂಡಿಸಿದರೆ ಕಟ್ಟು ಅಡಗಿರುವ ಜಾಗ ಸಿಗುತ್ತದೆ: ಹುಲಿಗುಹೆ. ಇಷ್ಟನ್ನು ಹೊಂದಿಸಲು ನನಗೆ ಒಂದಿಡೀ ಬೇಸಗೆ ರಜೆ ಹಿಡಿಯಿತು.

ಬೆಂಗಳೂರಿನ ಪ್ರಕಾಶಕರು ಅಚ್ಚು ಹಾಕಿದರು. ಮುಖಪುಟ ನೋಡಿ ಹಿಗ್ಗಿದೆನೇ ಹೊರತು ಒಳಗೆ ಓದಲಿಲ್ಲ. ಬರೆದವಳಿಗೆ ಗೊತ್ತಿಲ್ಲದ್ದು ಅದರಲ್ಲಿ ಏನಿರುತ್ತದೆ ಎಂಬ ಕೊಬ್ಬು.

ಮಡಂತ್ಯಾರಿನ ಹತ್ತಿರದ ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತೇನೆ. ಮೊದಲ ಪ್ರತಿಯನ್ನು ಏಳನೆಯ ತರಗತಿಯ ಒಬ್ಬಳು ಹುಡುಗಿಗೆ ಕೊಟ್ಟೆ. ಅವಳ ಮಾತು ಮನೆಯಲ್ಲಿ ಬ್ಯಾರಿ, ಬಸ್ಸಿನಲ್ಲಿ ತುಳು. ಕನ್ನಡದಲ್ಲಿ ಬಾಯಿ ತೆರೆಯಲು ಹೆದರುವ ಮಗು. ಆದರೆ ಒಗಟು ಎಂದರೆ ಯಾರಿಗೂ ಬಗ್ಗುವವಳಲ್ಲ. ಅವಳಿಗಿದ್ದ ಧೈರ್ಯ ಅದೊಂದೇ.

ದಸರಾ ರಜೆ ಮುಗಿಸಿ ಬಂದವಳು ಪುಸ್ತಕವನ್ನೂ ತನ್ನ ನೋಟ್‌ಬುಕ್ಕನ್ನೂ ನನ್ನ ಮೇಜಿನ ಮೇಲಿಟ್ಟಳು.

"ನನಗೆ ತಲೆ ಇಲ್ಲ ಟೀಚರ್. ನಾಲ್ಕರಲ್ಲಿ ಮೂರು ತಪ್ಪು."

ಪುಸ್ತಕ ತೆರೆದೆ. ಲಿಂಬೆ ಇದ್ದಲ್ಲಿ ನಿಂಬೆ. ಗುಜ್ಜೆ ಇದ್ದಲ್ಲಿ ಹಲಸಿನಕಾಯಿ. ಹೆಡಿಗೆ ಇದ್ದಲ್ಲಿ ಬುಟ್ಟಿ. ಕೊನೆಯ ಅಧ್ಯಾಯದಲ್ಲಿ ಮಾತ್ರ ಮೊದಲಕ್ಷರಗಳು ಕೂಡಿ 'ಹುಲಿಗುಹೆ' ಆಯಿತೆಂದು ಹಾಗೇ ಬಿಟ್ಟಿದ್ದಾರೆ! ಆ ಮಗು ನೋಟ್‌ಬುಕ್ಕಿನಲ್ಲಿ ಒಂದೂವರೆ ಪುಟ ಒದ್ದಾಡಿತ್ತು. ಹುನಿಹಬು, ನಿಹುಬುಹ, ಬುಹನಿಹು. ಹಿಂದಿನ ಪುಟದಲ್ಲಿ ಅವಳ ಸ್ವಂತ ಉತ್ತರಗಳನ್ನು ಕಾಗದ ಸವೆಯುವಷ್ಟು ಉಜ್ಜಿ ಅಳಿಸಿ, ಮೇಲೆ ಪುಸ್ತಕದಲ್ಲಿದ್ದವನ್ನು ಬರೆದಿದ್ದಳು. ಬೆಳಕಿಗೆ ಹಿಡಿದರೆ ಅಡಿಯಲ್ಲಿ ಲಿಂಬೆ, ಗುಜ್ಜೆ, ಹೆಡಿಗೆ ಕಾಣುತ್ತಿದ್ದವು. ನಾಲ್ಕಕ್ಕೆ ನಾಲ್ಕೂ ಸರಿ.

ನನಗೆ ಪಿತ್ತ ನೆತ್ತಿಗೇರಿತು. ಅಲ್ಲೇ ನಿಂತು ಸಂಪಾದಕರಿಗೆ ಫೋನ್ ಮಾಡಿದೆ. ಅವರದು ಬೆಣ್ಣೆಯಂಥ ದನಿ.

"ಪ್ರಾದೇಶಿಕ ಪದಗಳನ್ನ ಸರಿ ಮಾಡಿದ್ದೀವಿ, ಅಷ್ಟೇ ಮೇಡಂ."

ಸರಿ ಮಾಡಿದ್ದಾರಂತೆ! ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಯಾವ ಅಂಗಡಿಯಲ್ಲಾದರೂ ಕೇಳಿ, ಲಿಂಬೆ ಎಂದರೆ ಲಿಂಬೆಯನ್ನೇ ಕೊಡುತ್ತಾರೆ ಎಂದೆ. ಒಗಟಿನ ಕೀಲಿಯನ್ನೇ ಮುರಿದು ಬೀಗಕ್ಕೆ ಎಣ್ಣೆ ಹಚ್ಚಿದ್ದೀರಿ ಎಂದೆ. ಇನ್ನೂ ಏನೇನೋ ಅಂದೆ, ಸ್ಟಾಫ್ ರೂಮಿನವರೆಲ್ಲ ತಲೆಯೆತ್ತಿ ನೋಡುವಷ್ಟು ಜೋರಾಗಿ. ಮುಂದಿನ ಮುದ್ರಣದಲ್ಲಿ ನೋಡೋಣ ಎಂದರು. ಅಷ್ಟರಲ್ಲಿ ಈ ಹುಡುಗಿ ಕಾಲೇಜು ಮುಗಿಸಿರುತ್ತಾಳೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ತಪ್ಪು ಅವರದು, ತಲೆಯಿಲ್ಲದವಳು ಇವಳು.

ಫೋನ್ ಇಟ್ಟು ಅವಳಿಗೆ ಹೇಳಿದೆ, ನೀನೇ ಸರಿ, ಪುಸ್ತಕವೇ ತಪ್ಪು ಎಂದು. ಅವಳ ಮುಖ ಅರಳಲಿಲ್ಲ. ಇನ್ನೂ ಉರಿಯುತ್ತಿದ್ದ ನಾನು, ಗೊತ್ತಿದ್ದದ್ದನ್ನು ಯಾಕೆ ಅಳಿಸಿದ್ದು, ಅವರು ಹೇಳಿದ್ದೆಲ್ಲ ವೇದವಾ ಎಂದು ಅವಳ ಮೇಲೇ ರೇಗಿದೆ.

ಅವಳು ನೆಲ ನೋಡುತ್ತ ನಿಧಾನಕ್ಕೆ ಹೇಳಿದಳು.

"ಐದನೆಯಲ್ಲಿರುವಾಗ ಪ್ರಬಂಧದಲ್ಲಿ ಲಿಂಬೆ ಅಂತ ಬರೆದದ್ದಕ್ಕೆ ನೀವು ಕೆಂಪು ಗೆರೆ ಹಾಕಿದ್ರಿ ಅಲ್ವಾ ಟೀಚರ್. ಪುಸ್ತಕದಲ್ಲಿ ಸಹ ನಿಂಬೆ ಅಂತಲೇ ಉಂಟು. ಹಾಗೆ ಅಳಿಸಿದೆ."

ನನಗೆ ಆ ಗೆರೆ ನೆನಪೇ ಇಲ್ಲ. ಆದರೆ ಹಾಕಿರುತ್ತೇನೆ. ಕತೆಗೆ ನಮ್ಮ ಮಾತು, ಪ್ರಬಂಧಕ್ಕೆ ಪಠ್ಯಪುಸ್ತಕದ ಮಾತು ಎಂಬುದು ನನ್ನದೇ ಕಾನೂನು. ಎಷ್ಟು ವರ್ಷಗಳಿಂದ ಎಷ್ಟು ಮಕ್ಕಳಿಗೆ ಹಾಕಿದ್ದೇನೋ! ಫೋನಿನಲ್ಲಿ ಬೈದ ಒಂದೊಂದು ಬೈಗುಳವೂ ನನಗೇ ಸಲ್ಲಬೇಕಾದದ್ದು. ನಾಚಿಕೆಗಿಂತ ಹೆಚ್ಚಾಗಿ ನನ್ನ ಮೇಲೆ ನನಗೇ ಕೆಟ್ಟ ಸಿಟ್ಟು ಬಂತು.

ನಿಂಬೆಯನ್ನು ಹೊಡೆದು ಹಾಕಿ ಲಿಂಬೆ ಎಂದು ಬರಿ, ಅಳಿಸಲಿಕ್ಕೆ ಆಗದ ಹಾಗೆ ಪೆನ್ನಿನಲ್ಲಿ ಬರಿ ಎಂದೆ. ನನ್ನ ಪೆನ್ನನ್ನೇ ಮುಂದೆ ಹಿಡಿದೆ.

ಅವಳು ಕಂಪಾಸು ಬಾಕ್ಸು ತೆರೆದು ಪೆನ್ಸಿಲ್ ತೆಗೆದಳು.